ಜೇಬಿನೊಳಗಿನ ಕಿವಿ

ಹೆಂಗಸರ ಕುಪ್ಪಸಕ್ಕೆ ಜೇಬು ಯಾಕಿರುವುದಿಲ್ಲ ಎಂಬುದು, ಗೆಳೆಯರೇ, ನಲವತ್ತು ವರ್ಷ ನನಗೆ ಹೊಳೆಯದ ಪ್ರಶ್ನೆ. ತೊಂಬತ್ತರ ದಶಕದ ಕೊನೆಗೆ ಮಿದುಳಿಗೇರಿದ ಜ್ವರವೊಂದು ನನ್ನನ್ನು ಉಳಿಸಿ, ಎರಡೂ ಕಿವಿಗಳನ್ನು ಒಯ್ದಾಗ ಅದು ಹೊಳೆಯಿತು. ಚಿಕ್ಕೋಡಿಯ ಶಾಲೆಯಲ್ಲಿ ಮಕ್ಕಳ ಪಾಟಿ ತಿದ್ದುತ್ತಿದ್ದವಳಿಗೆ ಈಗ ಮನೆಮಂದಿಯೆಲ್ಲ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದರು. ಕಾಗುಣಿತ ತಿದ್ದದೆ ಉತ್ತರ ಕೊಡಲು ನನಗೆ ಮನಸ್ಸೇ ಬರುತ್ತಿರಲಿಲ್ಲ.

ಒಳಗಿವಿಗೆ ಯಂತ್ರ ಕೂರಿಸಬಹುದೆಂದು ಮುಂಬಯಿಯ ಡಾಕ್ಟರರು ಹೇಳಿದರು. ಎರಡು ಕಂಪನಿಯ ಎರಡು ಯಂತ್ರ. ಎರಡೂ ಒಳ್ಳೆಯವೇ, ಆರಿಸುವವರು ನೀವೇ ಎಂದು ಬಣ್ಣದ ಪುಸ್ತಿಕೆಗಳನ್ನು ಕೊಟ್ಟು ಕಳಿಸಿದರು. ಒಂದರ ಹೊರಭಾಗ ಕಿವಿಯ ಹಿಂದೆ ಕೂರುವ ಪುಟ್ಟ ಕೊಕ್ಕೆ. ಇನ್ನೊಂದರದು ರೇಡಿಯೋದ ತಮ್ಮನಂಥ, ಜೇಬಿನಲ್ಲಿಡುವ ಡಬ್ಬಿ, ಅದರಿಂದ ತಲೆಗೊಂದು ವೈರು. ತಲೆಯೊಳಗೆ ಒಮ್ಮೆ ಕೂತದ್ದನ್ನು ಸೀರೆಯ ಹಾಗೆ ಅಂಗಡಿಗೆ ಒಯ್ದು ಬದಲಿಸಿಕೊಂಡು ಬರಲಾಗದು. ನನಗೆ ನಿದ್ದೆ ಹತ್ತದಾಯಿತು.

ಮನೆಯಲ್ಲಿ ಸಭೆ ಸೇರಿತು. ಬರೆಯಲು ಬಾರದ ಅತ್ತೆ ಪುಸ್ತಿಕೆಯ ಚಿತ್ರಗಳನ್ನು ನನ್ನ ಕೆನ್ನೆಗೆ ಹಿಡಿದು, ಬ್ಲೌಸ್‌ಪೀಸಿನಂತೆ ಬಣ್ಣ ಹೊಂದುತ್ತದೆಯೇ ಎಂದು ನೋಡಿದರು. ಅಥಣಿಯಲ್ಲಿ ದ್ರಾಕ್ಷಿ ಬೆಳೆಯುವ ಭಾವನವರು, ಗಡಿಯವರಾದ ನಮಗೆ ಕನ್ನಡ, ಮರಾಠಿ ಎರಡೂ ಬಲ್ಲ ಯಂತ್ರವೇ ಬೇಕೆಂದು ಹಟ ಹಿಡಿದು, ಬೂತಿನಿಂದ ಆಸ್ಪತ್ರೆಗೆ ಫೋನು ಮಾಡಿ, ಸಪ್ಪೆ ಮುಖ ಹೊತ್ತು ಬಂದು ಬರೆದರು: “ಎರಡಕ್ಕೂ ಯಾವ ಭಾಷಾನೂ ಬರೂದಿಲ್ಲಂತ.”

ನನ್ನ ಗಂಡ ಅಣ್ಣಾಸಾಹೇಬರಿಗೆ ಕೊಕ್ಕೆಯೇ ಮೆಚ್ಚು. “ಕೂದಲಾಗ ಮುಚ್ಚತೈತಿ, ಮಂದಿಗೆ ಗೊತ್ತಾಗೂದಿಲ್ಲ” ಎಂದು ಬರೆದರು. ಅದು ಎದೆಗೆ ಚುಚ್ಚಿತು.

“ನಾ ಕಿವುಡಿ ಅನ್ನೂದು ಊರಿಗೇ ಗೊತ್ತೈತಿ, ಮುಚ್ಚೂದೇನೈತ್ರಿ?” ಎಂದೆ. ನನ್ನ ದನಿಯ ಅಳತೆ ನನಗೇ ತಿಳಿಯದಿದ್ದ ಕಾಲ. ಓಣಿಯಲ್ಲಿ ಗೊತ್ತಿಲ್ಲದೆ ಉಳಿದಿದ್ದ ಒಬ್ಬಿಬ್ಬರಿಗೂ ಅಂದು ಗೊತ್ತಾಯಿತು.

ಡಬ್ಬಿಯ ಯಂತ್ರ ಹಾಕಿಸಿಕೊಂಡ ಶೇವಂತಾಬಾಯಿ ಎಂಬ ಹೊಲಿಗೆಯಾಕೆ ನಿಪ್ಪಾಣಿಯಲ್ಲಿದ್ದಾಳೆಂದು ಡಾಕ್ಟರರೇ ತಿಳಿಸಿದ್ದರು. ಗಂಡನೊಂದಿಗೆ ಬಸ್ಸು ಹತ್ತಿ ಹೋದೆ. ಏನೇನು ಕೇಳಿಸುತ್ತದೆ ಎಂದು ಕೇಳಿದೆ. “ಎಲ್ಲಾ ಕೇಳತೈತ್ರಿ, ಗಿರಾಕಿ ಚೌಕಾಶಿ ಮಾಡೂದೂ ಕೇಳತೈತಿ, ಅದೊಂದ ತ್ರಾಸು” ಎಂದು ಬರೆದು ನಕ್ಕಳು. ಡಬ್ಬಿ ಬಿಚ್ಚಿ ಒಳಗಿನ ಸೆಲ್ಲು ತೋರಿಸಿದಳು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲೂ ಸಿಗುವಂಥವು. ಕೊಕ್ಕೆಯ ಸೆಲ್ಲಿಗೆ ಮುಂಬಯಿಗೇ ಬರೆಯಬೇಕು. ಅಷ್ಟರಲ್ಲಿ ಅವಳು ತಟ್ಟನೆ ಎದ್ದು ಒಳಗೆ ಓಡಿದಳು. ಏನಾಯಿತೆಂದು ಗಂಡನ ಕಡೆ ನೋಡಿದೆ. “ಕುಕ್ಕರ್ ಸೀಟಿ ಹೊಡೀತು” ಎಂದು ಅವರು ಪಾಟಿಯ ಮೇಲೆ ಬರೆದರು. ಗೋಡೆಯಾಚೆಯ ಕುಕ್ಕರು! ನನ್ನ ಕಣ್ಣು ತುಂಬಿತು. ದೊಡ್ಡ ಆಯ್ಕೆಗೆ ದೊಡ್ಡ ಕಾರಣಗಳೇ ಇರುತ್ತವೆಂದು ನಾನೂ ನಂಬಿದ್ದೆ. ನನ್ನದು ಒಂದು ಸೀಟಿ, ಎರಡು ಸೆಲ್ಲುಗಳಲ್ಲಿ ಮುಗಿಯಿತು. ಕುಪ್ಪಸಕ್ಕೆ ಜೇಬು ಹೊಲಿಯಲು ಅವಳು ಅಲ್ಲೇ ಅಳತೆ ತೆಗೆದುಕೊಂಡಳು. ಈ ಸಲ ಗಂಡನೂ ತಕರಾರು ಎತ್ತಲಿಲ್ಲ.

ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರಗಳ ಮೇಲೆ ಮುಂಬಯಿಯಲ್ಲಿ ಯಂತ್ರಕ್ಕೆ ಜೀವ ಕೊಟ್ಟರು. ಮೊದಮೊದಲು ಮಾತು ಮಾತಿನಂತಿರದು ಎಂದು ಎಚ್ಚರಿಸಿದ್ದರು. ನಿಜ, ತಗಡಿನ ಡಬ್ಬಿಯಲ್ಲಿ ಬಾತುಕೋಳಿಗಳು ಜಗಳವಾಡಿದಂತಿತ್ತು. ಗಂಡ ಎದುರಿಗೆ ಕೂತು, ಗಂಟಲು ಸರಿಪಡಿಸಿಕೊಂಡು, ವಾರಗಟ್ಟಲೆ ಸಿದ್ಧಮಾಡಿಟ್ಟಂತಿದ್ದ ಒಂದು ಮಾತು ಆಡಿದರು. ತುಟಿ ಓದಬಾರದೆಂದು ನಾನು ಕಣ್ಣು ಮುಚ್ಚಿದ್ದೆ. ತಿಳಿಯಲಿಲ್ಲ. “ಇನ್ನೊಮ್ಮೆ ಅನ್ರಿ” ಎಂದೆ. ಅಂದರು. ಆರು ಸಲ ಅನ್ನಿಸಿದೆ. ಕಣ್ಣು ಬಿಟ್ಟಾಗ ಡಾಕ್ಟರರ ಮುಂದೆ ಅವರ ಕಿವಿ ಕೆಂಪಾಗಿತ್ತು.

ಅವರು ಅಂದದ್ದು ಇಷ್ಟೇ: “ಚಾ ಕುಡದಿ ಏನು?”

ನನಗೆ ಮೂರನೆಯ ಸಲಕ್ಕೇ ತಿಳಿದಿತ್ತು.