ಎಲ್ಲ ಚೌಕದಲ್ಲೂ ‘ಇಲ್ಲ’

ಬೆಳಿಗ್ಗೆ ಎರಡು ಡ್ರಮ್ ನೀರು ತುಂಬಿಸಿದೆ. ಯಜಮಾನರ ಕಾರ್ಖಾನೆ ಅಂಗಿಯ ಎಣ್ಣೆ ಕಲೆ ಉಜ್ಜಿದೆ. ಹುಳಿಗೆ ಬೇಳೆ ತೊಳೆದಿಟ್ಟೆ. ಮಗಳ ಊಟದ ಡಬ್ಬಿಯಲ್ಲಿ ಹಿಂದಿನ ದಿನದ ಚಿತ್ರಾನ್ನ ಹಾಕಿದ್ದು ಹಾಕಿದ ಹಾಗೇ ಇತ್ತು, ಅದನ್ನು ಬೀದಿಯ ಹಸುವಿಗೆ ಕೊಟ್ಟೆ. ಶನಿವಾರವಾದ್ದರಿಂದ ಮಧ್ಯಾಹ್ನ ಅವಳ ಶಾಲೆಗೆ, ಪೋಷಕರ ಸಭೆಗೆ ಹೋದೆ.

ಏಳನೇ ಕ್ಲಾಸಿನ ಟೀಚರು ಒಂದು ಹಾಳೆ ತೋರಿಸಿದರು. ಮಕ್ಕಳ ಮನಸ್ಸು ಕುಗ್ಗಿದೆಯೇ ಎಂದು ತಿಳಿಯಲು ಮನೆಗಳಿಗೆ ಕಳಿಸಿದ್ದ ಪ್ರಶ್ನೆಗಳು. ನಿದ್ದೆ, ಊಟ, ಅಳು, ಆಟ, ಒಂದೊಂದರ ಮುಂದೆಯೂ ‘ಇಲ್ಲ’, ‘ಆಗಾಗ’, ‘ದಿನವೂ’ ಎಂದು ಮೂರು ಚೌಕ.

“ನಿಮ್ಮ ಮಗಳದ್ದು ಸೊನ್ನೆ ಬಂದಿದೆ. ಟೆನ್ಷನ್ನೇ ಬೇಡ ಮೇಡಂ.”

ಎಲ್ಲ ‘ಇಲ್ಲ’ಕ್ಕೂ ಟಿಕ್. ಕೆಳಗೆ ಯಜಮಾನರ ಸಹಿ. ಅಂಥದೊಂದು ಹಾಳೆ ಮನೆಗೆ ಬಂದದ್ದೇ ನನಗೆ ಗೊತ್ತಿರಲಿಲ್ಲ.

“ದಿನಾ ಅವಳ ಮುಂದೆ ನಿಂತು ಪಾಠ ಮಾಡೋರು ನೀವು. ಆ ಮುಖ ನೋಡಿದ್ರೆ ಸೊನ್ನೆ ಅನ್ಸುತ್ತಾ?”

“ಎಷ್ಟು ಮಕ್ಕಳನ್ನ ನೋಡ್ಲಿ ಮೇಡಂ? ಪೇರೆಂಟ್ಸ್ ಬರ್ದಿದ್ದನ್ನ ಕೂಡೋದಷ್ಟೇ ನಮ್ಮ ಕೆಲಸ.”

ಖಾಲಿ ಹಾಳೆಯೊಂದನ್ನು ಕೇಳಿ ಇಸಿದುಕೊಂಡೆ. ನಾಗಸಂದ್ರದ ಆ ಶಾಲೆಯಿಂದ ಮನೆಯವರೆಗೂ ಮೈ ಉರಿಯುತ್ತಿತ್ತು.

ಪೀಣ್ಯದಲ್ಲಿರುವ ಯಜಮಾನರ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಆರೋಗ್ಯದ ಫಾರಂ ಕೊಡುತ್ತಿದ್ದರು. ಬೆನ್ನು ನೋವಿದೆಯೇ, ಕಿವಿ ಮಂದವೇ? ಏನಿದ್ದರೂ ‘ಇಲ್ಲ’ ಎಂದೇ ಬರೆಯಬೇಕು. ‘ಹೌದು’ ಎಂದವನನ್ನು ಮಷೀನಿನಿಂದ ಎಬ್ಬಿಸಿ ಕಡಿಮೆ ಸಂಬಳಕ್ಕೆ ಗೇಟು ಕಾಯಲು ಕೂರಿಸುತ್ತಾರೆ. ಹೊಸಬರಿಗೆ ಹಳಬರು ಹೇಳಿಕೊಡುವ ಮೊದಲ ಪಾಠವೇ ಅದು. ನಾನೂ ಅದನ್ನು ಜಾಣತನವೆಂದೇ ತಿಳಿದಿದ್ದೆ. ನನ್ನ ಮೇಲೆ ಆ ಸಿಟ್ಟೂ ಇತ್ತು.

ಮನೆಗೆ ಬಂದವಳೇ ಖಾಲಿ ಹಾಳೆಯನ್ನು ಯಜಮಾನರ ಮುಂದಿಟ್ಟೆ. “ಇದೇನ್ರೀ ಮಾಡಿದ್ದು?”

“ಹೌದು ಅಂತ ಬರ್ದ್ರೆ ಹುಚ್ಚಿ ಅಂತ ಸೀಲ್ ಹೊಡೀತಾರೆ ಕಣೇ. ನಾಳೆ ಯಾವ ಸ್ಕೂಲಲ್ಲಿ ತಗೋತಾರೆ?”

“ತಿಂಗಳಿಂದ ಡಬ್ಬಿ ಹಾಗೇ ವಾಪಸ್ ಬರ್ತಿದೆ.”

“ನಿನ್ನ ಚಿತ್ರಾನ್ನಕ್ಕೆ ಅವಳೇನು ಮಾಡ್ತಾಳೆ ಪಾಪ.”

ನನಗೆ ನಗು ಬರಲಿಲ್ಲ. “ಕಿವಿ ಗುಂಯ್ ಅನ್ನೋದನ್ನೂ ಇಲ್ಲ ಅಂತಲೇ ಬರೀತಾ ಬಂದ್ರಿ. ಅದಕ್ಕೇ ಅವಳು ಬಚ್ಚಲಲ್ಲಿ ಅಳೋದು ನಿಮಗೆ ಕೇಳ್ಸಲ್ಲ.”

ಅವರು ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು.

ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲಿನಿಂದ ಓದಿದೆ. ಮೂರನೇ ಪ್ರಶ್ನೆಗೆ ಅವಳು ಬಾಗಿಲ ಕಡೆ ನೋಡಿದಳು.

“ಅಪ್ಪ ಬರ್ದಿದ್ರಲ್ಲಮ್ಮ.”

“ಅಪ್ಪನ್ನ ಯಾರು ಕೇಳಿದ್ರು? ಅಳು ಬರುತ್ತಾ?”

“ಆಗಾಗ.” ನಾನು ಆ ಚೌಕಕ್ಕೆ ಪೆನ್ನು ಇಡುವಷ್ಟರಲ್ಲಿ, “ದಿನಾ” ಅಂದಳು.

ಟಿಕ್ ಹಾಕಿದೆ. ಗೀಟು ಚೌಕದಿಂದ ಆಚೆ ಹೋಯಿತು. ಮುಗಿದ ಮೇಲೆ ಕೆಳಗೆ ನಾನೇ ಸಹಿ ಮಾಡಿದೆ. ಸೋಮವಾರ ಟೀಚರ ಕೈಗೇ ಕೊಟ್ಟು, ಯಾವ ಡಾಕ್ಟರ ಹತ್ತಿರ ಹೋಗಬೇಕೆಂದು ಹೇಳುವ ತನಕ ಅಲ್ಲಿಂದ ಏಳುವುದಿಲ್ಲವೆಂದು ಇಬ್ಬರಿಗೂ ಕೇಳುವಂತೆ ಹೇಳಿದೆ.

ರಾತ್ರಿ ಅನ್ನ, ನುಗ್ಗೆಕಾಯಿ ಹುಳಿ, ಸುಟ್ಟ ಹಪ್ಪಳ. ಅವಳು ಅರ್ಧ ತಟ್ಟೆ ತಿಂದಳು. ಯಜಮಾನರು ಎರಡನೇ ಸಲ ಬಡಿಸಿಕೊಳ್ಳಲಿಲ್ಲ, ನಾನೂ ಬೇಕೇ ಎಂದು ಕೇಳಲಿಲ್ಲ. ಮೊದಲು ನಿದ್ದೆ ಹೋದವಳು ಅವಳು. ಅವರು ಮಗ್ಗುಲು ಬದಲಿಸುತ್ತಲೇ ಇದ್ದರು.