ಬಾವುಟ ಹೊತ್ತ ನಂದೀಶ

ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ರಿಪೇರಿ ಮಾಡುವ ನಂದೀಶ ಓಡಲು ಶುರು ಮಾಡಿದ್ದು ಆಸೆಯಿಂದಲ್ಲ, ಹೆದರಿಕೆಯಿಂದ. ನಲವತ್ತು ತುಂಬುವ ಮೊದಲೇ ಅವನ ರಕ್ತದಲ್ಲಿ ಸಕ್ಕರೆ ಬಂದು ಕೂತಿತ್ತು. ಡಾಕ್ಟರು ದಿನಾ ನಡೆಯಪ್ಪ ಅಂದರು, ಇವನು ಓಡಿಯೇಬಿಟ್ಟ. ಮೊದಮೊದಲು ಬೆಳಗಿನ ಹೊತ್ತು ನಿಕ್ಕರು ಹಾಕಿಕೊಂಡು ರಸ್ತೆಗೆ ಇಳಿದರೆ ಅವನೂರು ಹುಣಸೆಕಟ್ಟೆಯ ನಾಯಿಗಳಿಗೂ ಜನಕ್ಕೂ ಒಂದೇ ಸಂತೋಷ. ನಾಯಿಗಳು ಅಟ್ಟಿಸಿಕೊಂಡು ಬಂದರೆ, ಜನ ಯಾರ ಕೋಳಿ ಕದ್ದೆ ಎಂದು ಕೇಳುತ್ತಿದ್ದರು. ಅವನ ಅಪ್ಪ ಆವಲಪ್ಪ ಮಾತ್ರ ನಗುತ್ತಿರಲಿಲ್ಲ, ಅದೇ ಕಷ್ಟವಾಗಿದ್ದು. ಹೊಲ ಉತ್ತು, ಹಸು ಕಟ್ಟಿ ಬಾಳಿದ ಆ ಮನುಷ್ಯನಿಗೆ ಕೆಲಸವಿಲ್ಲದೆ ಬೆವರು ಸುರಿಸುವುದು ಮಾನ ಹೋಗುವ ವಿಷಯ. ಮಗ ಓಡಿ ಬರುವ ಹೊತ್ತಿಗೆ ಬೇಕೆಂದೇ ಕೊಟ್ಟಿಗೆ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದ.

ನಂದೀಶ ಬಿಡಲಿಲ್ಲ. ಸಕ್ಕರೆ ಹದಕ್ಕೆ ಬಂತು, ಹೊಟ್ಟೆ ಕರಗಿತು, ಕಾಲಿಗೆ ರುಚಿ ಹತ್ತಿತು. ಕೋಲಾರ, ದೊಡ್ಡಬಳ್ಳಾಪುರ, ಬೆಂಗಳೂರು ಅಂತ ಎಲ್ಲೆಲ್ಲಿ ಓಟವಿದ್ದರೂ ಹೋದ. ಅವನು ಎಲ್ಲರಿಗಿಂತ ಜೋರಾಗಿ ಓಡುವವನೇನಲ್ಲ. ಆದರೆ ಮೊದಲ ಕಿಲೋಮೀಟರ್ ಹೇಗೆ ಓಡುತ್ತಾನೋ ಕೊನೆಯದನ್ನೂ ಹಾಗೇ ಓಡುತ್ತಿದ್ದ. ಏರು ಬಂದರೂ ಅಷ್ಟೇ, ಇಳಿಜಾರು ಬಂದರೂ ಅಷ್ಟೇ. ಹಾಗಾಗಿಯೇ ಹೊಸಕೋಟೆಯಲ್ಲಿ ಪ್ರತಿ ಡಿಸೆಂಬರಿನಲ್ಲಿ ಓಟ ನಡೆಸುವವರು ಆ ವರ್ಷ ಅವನನ್ನು ಪೇಸರ್ ಆಗು ಎಂದು ಕೇಳಿದರು. ಪೇಸರ್ ಅಂದರೆ ಬೆನ್ನಿಗೆ ಒಂದು ಬಾವುಟ ಕಟ್ಟಿಕೊಂಡು, ಅದರ ಮೇಲೆ ಬರೆದಿರುವ ಹೊತ್ತಿಗೆ ಸರಿಯಾಗಿ ಗುರಿ ಮುಟ್ಟುವವನು. ನಿಧಾನವಾಗಿ ಓಡುವವರು ಲೆಕ್ಕಾಚಾರವನ್ನೆಲ್ಲ ಅವನಿಗೆ ಬಿಟ್ಟು ಹಿಂದೆ ಹಿಂದೆ ಓಡಿದರೆ ಸಾಕು. ಅವನಿಗೆ ಗೆಲ್ಲುವ ಹಕ್ಕಿಲ್ಲ, ಸುಸ್ತಾಗುವ ಹಕ್ಕೂ ಇಲ್ಲ. ಇಪ್ಪತ್ತೊಂದು ಕಿಲೋಮೀಟರಿನ ಹಾಫ್ ಮ್ಯಾರಥಾನಿನಲ್ಲಿ ಕೊನೆಯ ಗುಂಪಿನ ಬಾವುಟ ನಂದೀಶನ ಪಾಲಿಗೆ ಬಂತು. ಅವನಿಗೆ ಕೋಡು ಮೂಡಿದಂತಾಯಿತು.

ಅದೇ ಫ್ಯಾಕ್ಟರಿಯ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಕವಿತ ಎಂಬ ಹೆಣ್ಣುಮಗಳಿದ್ದಳು. ಗಂಡ ಅಂಬರೀಶ್ ಟೆಂಪೋದಲ್ಲಿ ತರಕಾರಿ ಸಾಗಿಸುವವನು, ಮನೆಯಲ್ಲಿ ಅತ್ತೆ ಸಪ್ಪಲಮ್ಮ, ಎರಡು ಹಸು. ನಂದೀಶನನ್ನು ನೋಡಿಯೇ ಅವಳಿಗೂ ಓಟದ ಹುಚ್ಚು ಹತ್ತಿದ್ದು. ಹಿಂದಿನ ವರ್ಷ ಇದೇ ಓಟಕ್ಕೆ ಇಳಿದು ಮುಗಿಸಲಾಗದೆ, ಹಿಂದುಳಿದವರನ್ನು ಎತ್ತಿಕೊಂಡು ಬರುವ ವ್ಯಾನಿನಲ್ಲಿ ಕೂತು ಬಂದಿದ್ದಳು. ಮನೆಯಲ್ಲಿ ವರ್ಷವಿಡೀ ಅದೇ ತಮಾಷೆ. ವ್ಯಾನಿನಲ್ಲಿ ಹೋಗೋ ಓಟಕ್ಕೆ ಬೂಟು ಬೇರೆ ಯಾಕೆ ಎಂದು ಸಪ್ಪಲಮ್ಮ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದರು. ಕೊನೆಗೆ ಇದೊಂದು ಸಲ ಹೋಗು, ಈ ಸಲವೂ ಮುಗಿಸದಿದ್ದರೆ ತೆಪ್ಪಗೆ ಮನೆ ನೋಡಿಕೊಂಡಿರು ಎಂದು ತೀರ್ಮಾನ ಮಾಡಿದರು. ಕವಿತ ಆಯಿತು ಅಂದಳು. ನಂದೀಶ ಪೇಸರ್ ಎಂದು ಗೊತ್ತಾದಾಗ ಅವಳಿಗೆ ದೇವರೇ ಸಿಕ್ಕಂತಾಯಿತು. ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದುಕೊಂಡೇ ಅವನ ಹತ್ತಿರ ಬಂದು ಹೇಳಿದಳು:

"ನಂದೀಶಣ್ಣ, ನಾನು ವಾಚು ಗೀಚು ಏನೂ ಕಟ್ಕೊಳಲ್ಲ. ನಿಮ್ಮ ಬಾವುಟ ನೋಡ್ಕೊಂಡು ಓಡ್ತೀನಿ. ಮುಗಿಸೋ ಜವಾಬ್ದಾರಿ ನಿಮ್ದು."

ಮುಗಿಸುತ್ತೀಯ ಬಿಡು ಎಂದು ನಂದೀಶ ಮಾತು ಕೊಟ್ಟ.

ಓಟದ ದಿನ ಕೊರೆಯುವ ಚಳಿ. ಕೋಟು ಟೋಪಿ ಹಾಕಿಕೊಂಡವರು ಚಹಾ ಅಂಗಡಿ ಮುಂದೆ ನಿಂತು ಈ ಅರೆಬಟ್ಟೆ ಜನರನ್ನು ಮರುಕದಿಂದ ನೋಡುತ್ತಿದ್ದರು. ನಂದೀಶನ ಹಿಂದೆ ಇಪ್ಪತ್ತು ಮಂದಿಯಾದರೂ ಸೇರಿಕೊಂಡರು. ಬೆಂಗಳೂರಿನಿಂದ ಬಂದ ಗೃಹಿಣಿಯರು, ಫ್ಯಾಕ್ಟರಿ ಹುಡುಗರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು, ಕವಿತ. ಮೊದಲರ್ಧ ಹೂವು ಎತ್ತಿದ ಹಾಗೆ ಹೋಯಿತು. ನಂದೀಶ ಉಸಿರಾಟ ಹೇಳಿಕೊಟ್ಟ, ನೀರು ಯಾವಾಗ ಕುಡಿಯಬೇಕು ಹೇಳಿದ, ಹರಟೆಗೆ ಹರಟೆಯೂ ಸೇರಿಸಿದ. ಕವಿತ ಅವನ ಬಲಗಡೆಗೆ ಒಂದು ಹೆಜ್ಜೆ ಹಿಂದೆ ಓಡುತ್ತಿದ್ದಳು. ಮುಖದಲ್ಲಿ ದಣಿವಿರಲಿಲ್ಲ.

ಆ ವರ್ಷ ದಾರಿ ಬದಲಾಗಿತ್ತು. ಓಟ ಹುಣಸೆಕಟ್ಟೆಯ ನಡುವೆಯೇ ಹಾದು ಹೋಗುತ್ತಿತ್ತು. ನಂದೀಶ ವಾರದಿಂದ ಮನೆಯಲ್ಲಿ ಅದನ್ನೇ ಹೇಳಿದ್ದ. ಆವಲಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆದರೆ ಊರ ಬಾಗಿಲಿಗೆ ಬಂದಾಗ ನಂದೀಶ ನೋಡುತ್ತಾನೆ, ಹಾಲಿನ ಡೈರಿ ಮುಂದೆ ನೆರೆದ ಜನರ ನಡುವೆ ಅಪ್ಪ ನಿಂತಿದ್ದಾನೆ. ಒಗೆದ ಪಂಚೆ, ಹೆಗಲ ಮೇಲೆ ಹೊಸ ಟವಲ್ಲು. ಮಗನನ್ನು ನೋಡಲೆಂದೇ ಬಂದು ನಿಂತಿದ್ದ.

ಆದರೆ ಊರಿನವರಿಗೆ ಪೇಸರ್ ಅಂದರೇನು ಗೊತ್ತು? ಅವರು ಕಂಡಿದ್ದು ಇಷ್ಟೇ. ಗಟ್ಟಿಗರೆಲ್ಲ ಆಗಲೇ ದೌಡಾಯಿಸಿಕೊಂಡು ಹೋಗಿದ್ದಾರೆ. ಆವಲಪ್ಪನ ಮಗ ಅವರೆಲ್ಲ ಕಣ್ಮರೆಯಾದ ಎಷ್ಟೋ ಹೊತ್ತಿಗೆ, ಹೆಂಗಸರು ಮುದುಕರ ಜೊತೆ, ಬೆನ್ನಿಗೆ ಬಾವುಟ ಸಿಕ್ಕಿಸಿಕೊಂಡು ತೂಗಾಡುತ್ತ ಬರುತ್ತಿದ್ದಾನೆ. ಡೈರಿ ಸೆಕ್ರೆಟರಿ ಅಪ್ಪಯ್ಯಣ್ಣನ ಬಾಯಿ ಮೊದಲೇ ಸುಮ್ಮನಿರುವ ಬಾಯಲ್ಲ.

"ಏನಪ್ಪಾ ಆವಲಪ್ಪ, ವರ್ಷಾನುಗಟ್ಲೆ ಓಡಿ ಓಡಿ ನಿನ್ನ ಮಗ ಕೊನೆಗೆ ಉಳ್ಕಂಡಿದ್ದು ಹೆಂಗಸ್ರ ಸಾಲ್ನಾಗಾ?"

ಜನ ಗೊಳ್ಳೆಂದರು. ಆವಲಪ್ಪ ಟವಲ್ಲು ಸರಿಮಾಡಿಕೊಳ್ಳುತ್ತ ನೆಲ ನೋಡಿದ. ನಂದೀಶನಿಗೆ ಅದೊಂದು ಸಾಕಾಯಿತು.

ಅವನು ಕಾಲು ಚಾಚಿ ಹೆಜ್ಜೆ ಹಾಕಿದ. ಬಾವುಟ ಪಟಪಟನೆ ಹೊಡೆದುಕೊಂಡಿತು. ಹಿಂದಿದ್ದವರು ಬಾವುಟ ನಂಬಿದವರಲ್ಲವೇ, ಅವರೂ ಬಿದ್ದೂ ಎದ್ದೂ ಹಿಂಬಾಲಿಸಿದರು. ಒಂದು ಗುಂಪು ಧೂಳೆಬ್ಬಿಸಿಕೊಂಡು ಊರೊಳಗೆ ನುಗ್ಗಿದ್ದನ್ನು ನೋಡಿ ಜನ ಶಿಳ್ಳೆ ಹೊಡೆದರು. ಯಾರೋ ನಂದೀಶ ನಂದೀಶ ಎಂದು ಕೂಗಿದರು. ಊರು ದಾಟಿದ ಮೇಲಾದರೂ ಅವನು ನಿಧಾನ ಮಾಡಬಹುದಿತ್ತು. ಮಾಡಲಿಲ್ಲ. ಆ ಕೂಗು ತಲೆಗೇರಿತ್ತು, ಕಾಲು ಹಗುರವಾಗಿತ್ತು, ಎಷ್ಟೋ ವರ್ಷದ ಸಿಟ್ಟು ಒಂದೇ ಸಲ ರಸ್ತೆಯ ಮೇಲೆ ತೀರುತ್ತಿತ್ತು. ಬ್ಯಾಂಕಿನ ಹಿರಿಯರು ತಮ್ಮ ವಾಚು ನೋಡಿಕೊಂಡು, ಸ್ವಲ್ಪ ಜಾಸ್ತಿಯಾಯಿತಲ್ಲವೇ ಎಂದು ಏದುಸಿರಿನಲ್ಲಿ ಕೇಳಿದರು. ನಂದೀಶ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಮುಂದೆ ದೊಡ್ಡ ಏರು ಐತೆ ಸಾರ್. ಈಗ್ಲೇ ಒಂದಷ್ಟು ಟೈಮ್ ಉಳಿಸ್ಕೊಂಡ್ರೆ ಆಮೇಲೆ ಆರಾಮು."

ಏರು ಇರಲಿಲ್ಲ. ಆ ದಾರಿಯಲ್ಲಿ ಹುಟ್ಟಿ ಬೆಳೆದವನಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಕವಿತ ಆ ಮಾತು ಕೇಳಿಸಿಕೊಂಡು ಹಲ್ಲು ಕಚ್ಚಿ ಇನ್ನಷ್ಟು ಹತ್ತಿರ ಬಂದಳು.

ಕೆರೆ ಏರಿಯ ಮೇಲೆ ಹೋಗುವಾಗ ಹಿಂದೆ ಹೆಜ್ಜೆ ಸದ್ದು ಕಡಿಮೆಯಾದಂತೆ ಅನ್ನಿಸಿ ನಂದೀಶ ತಿರುಗಿ ನೋಡಿದ. ಇಪ್ಪತ್ತು ಮಂದಿಯಲ್ಲಿ ಜೊತೆಗಿದ್ದವರು ನಾಲ್ಕೇ ಜನ. ಉಳಿದವರು ದೂರದವರೆಗೂ ಚೆಲ್ಲಾಪಿಲ್ಲಿಯಾಗಿ ನಡೆಯುತ್ತಿದ್ದರು. ಕವಿತ ಏರಿಯ ಕಲ್ಲಿಗೆ ಕೈ ಕೊಟ್ಟು ಬಗ್ಗಿ ವಾಂತಿ ಮಾಡುತ್ತಿದ್ದಳು. ಎದ್ದು ಎರಡು ಹೆಜ್ಜೆ ಹಾಕಿದಳು, ಮೀನಖಂಡ ಹಿಡಿದುಕೊಂಡು ಕೂತಳು. ಅಷ್ಟು ದೂರದಿಂದಲೇ ನೀವು ಹೋಗಿ ಎಂದು ಕೈ ಬೀಸಿದಳು. ವಾಪಸ್ ಹೋಗಿ ಅವಳನ್ನು ಎಬ್ಬಿಸಬೇಕು ಎಂದು ನಂದೀಶನಿಗೆ ಅನ್ನಿಸಿತು. ಆದರೆ ಅವಳು ಸುಧಾರಿಸಿಕೊಳ್ಳುವವರೆಗೆ ನಿಂತರೆ ಬಾವುಟ ಹೊತ್ತಿಗೆ ಸರಿಯಾಗಿ ತಲುಪದು, ಯಾಕೆ ಹೀಗಾಯಿತು ಎಂದು ನಾಲ್ಕು ಜನ ಕೇಳುತ್ತಾರೆ. ಅವನು ಮುಂದೆ ಹೋದ. ಗಳಿಸಿದ ಹೊತ್ತನ್ನೆಲ್ಲ ಕಳೆಯಲು ಹೆಚ್ಚುಕಡಿಮೆ ನಡೆಯುತ್ತಲೇ ಹೋದ.

ಬಾವುಟದ ಮೇಲೆ ಬರೆದಿದ್ದ ಹೊತ್ತಿಗೆ ಸರಿಯಾಗಿ ಅವನು ಗುರಿ ಮುಟ್ಟಿದ. ಮೈಕಿನವನು ಇಂಥ ಪೇಸರ್ ತಾಲ್ಲೂಕಿಗೇ ಇಲ್ಲ ಎಂದು ಹೊಗಳಿದ. ಹಾರ ಹಾಕಿದರು, ಫೋಟೋ ಹಿಡಿದರು. ಆ ಗದ್ದಲದಲ್ಲೇ ವ್ಯಾನು ಬಂದು ನಿಂತಿತು. ಕವಿತ ಕುಂಟುತ್ತ ಇಳಿದಳು. ಗಂಡನೂ ಅತ್ತೆಯೂ ಅಲ್ಲೇ ಕಾದಿದ್ದರು. ಸಪ್ಪಲಮ್ಮ ಅವಳನ್ನು ನೋಡಿ ಚೀಲದೊಳಗಿನ ಉಪ್ಪಿಟ್ಟಿನ ಡಬ್ಬಿ ತೆಗೆಯತೊಡಗಿದರು. ಅಂಬರೀಶ್ ಟೆಂಪೋ ತರುತ್ತೇನೆ ಎಂದು ಆ ಕಡೆ ಹೋದ. ಕವಿತ ನೇರ ನಂದೀಶನ ಬಳಿಗೆ ಬಂದಳು.

"ತಪ್ಪಾಯ್ತು ಅಣ್ಣ. ನೀವು ಅಷ್ಟು ಚೆನ್ನಾಗಿ ಕರ್ಕೊಂಡು ಹೋದ್ರಿ, ನನ್ನ ಕೈಲಿ ಆಗ್ಲಿಲ್ಲ. ನಿಮ್ಮ ಹೆಸ್ರು ಕೆಡಿಸ್ಬಿಟ್ಟೆ."

ಈಗ ಹೇಳಬೇಕು ಎಂದು ಅವನಿಗೆ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ಕುತ್ತಿಗೆಯಲ್ಲಿ ಹಾರವಿತ್ತು. ಪರವಾಗಿಲ್ಲ ಬಿಡಮ್ಮ ಎಂದು ಅವಳ ಹೆಗಲು ತಟ್ಟಿದ. ಕಾಲಿಗೆ ಬೀಳಬೇಕಾದವನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿ ಬಂದ. ಇದಕ್ಕಿಂತ ಹೇಸಿಗೆಯ ಕೆಲಸ ಬೇರೆ ಏನಿದೆ?

ಆ ದಿನ ಮನೆಯಲ್ಲಿ ಆವಲಪ್ಪ ಬೇರೆಯೇ ಮನುಷ್ಯನಾಗಿದ್ದ. ಹುಡುಗನ ಕಾಲಿಗೆ ನೀರು ಕಾಯಿಸಿ ಎಂದು ಒಳಗೆ ಕೂಗಿ ಹೇಳಿದ. ಊಟಕ್ಕೆ ಕೂತಾಗ ಮುದ್ದೆಯ ಪಕ್ಕಕ್ಕೆ ತಾನೇ ಕೋಳಿ ಸಾರು ಬಡಿಸಿದ. ಊರಲ್ಲಿ ಹೆಂಗೆ ನುಗ್ಗಿದ ನನ್ನ ಮಗ, ಅಪ್ಪಯ್ಯಣ್ಣನ ಬಾಯಿಗೆ ಬೀಗ ಬಿತ್ತು ಎಂದು ಮರುದಿನದಿಂದ ಡೈರಿಗೆ ಬಂದವರಿಗೆಲ್ಲ ಹೇಳತೊಡಗಿದ. ಇಷ್ಟು ವರ್ಷ ಯಾವ ಮಾತಿಗೆ ನಂದೀಶ ಹಾತೊರೆದಿದ್ದನೋ ಅದು ಈಗ ದಿನಾ ಸಿಗುತ್ತಿತ್ತು, ದಿನಾ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಒಂದು ದಿನ ತಡೆಯಲಾರದೆ ಅಪ್ಪನಿಗೆ ನಡೆದದ್ದನ್ನು ಹೇಳಿದ. ಓಟ ಅಂದಮೇಲೆ ಹಿಂದೆ ಬೀಳುವವರು ಇದ್ದೇ ಇರುತ್ತಾರೆ, ಅದಕ್ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ ಅಂದ ಆವಲಪ್ಪ. ನಂದೀಶನಿಗೆ ಅಪ್ಪನ ಮೇಲೆ ಸಿಟ್ಟು ಬಂತು, ಆ ಸಿಟ್ಟು ಯಾರ ಮೇಲೆ ಬರಬೇಕಿತ್ತು ಎಂಬುದೂ ಗೊತ್ತಾಯಿತು.

ಫ್ಯಾಕ್ಟರಿಯಲ್ಲಿ ಅವನು ಪ್ಯಾಕಿಂಗ್ ಕಡೆ ಹೋಗುವುದನ್ನೇ ಬಿಟ್ಟ. ಅಲ್ಲಿನ ಮೆಷಿನ್ ಕೆಟ್ಟರೆ ಬೇರೆಯವರನ್ನು ಕಳಿಸಿದ. ಬೆಳಗಿನ ಓಟವೂ ರುಚಿಸಲಿಲ್ಲ, ಹಿಂದೆ ಯಾರೋ ಬಗ್ಗಿ ನಿಂತಿದ್ದಾರೆ ಅನ್ನಿಸಿ ತಿರುಗಿ ತಿರುಗಿ ನೋಡುತ್ತಿದ್ದ. ಯುಗಾದಿ ಹತ್ತಿರವಾದಾಗ ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಪಕ್ಕದ ಸಾಲಿನಿಂದ ಕವಿತಳ ದನಿ ಕೇಳಿಸಿತು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ನೀವು ಮ್ಯಾರಥಾನ್ ಓಡುತ್ತೀರಂತೆ, ನನಗೂ ಆಸೆ ಎಂದು ಕೇಳುತ್ತಿದ್ದಳು. ಕವಿತ ನಕ್ಕಳು. ಅದೆಲ್ಲ ನಮ್ಮಂಥವರ ಮೈಗೆ ಆಗಿಬರುವುದಿಲ್ಲ, ನಂದೀಶಣ್ಣನಂಥವರು ಕೈ ಹಿಡಿದು ಕರೆದುಕೊಂಡು ಹೋದರೂ ನನಗೆ ದಕ್ಕಲಿಲ್ಲ, ನೀನೂ ಸುಮ್ಮನಿರು ಎಂದು ಆ ಹುಡುಗಿಗೆ ಬುದ್ಧಿ ಹೇಳಿದಳು. ನಂದೀಶ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟ. ಅವನ ಸುಳ್ಳು ಈಗ ಎರಡನೆಯವಳ ಕಾಲಿಗೂ ಸುತ್ತಿಕೊಂಡಿತ್ತು.

ಆ ಭಾನುವಾರವೇ ಅವನು ಬೈಕು ಹತ್ತಿ ಕವಿತಳ ಮನೆಗೆ ಹೋದ. ಅವಳು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಕಾಲಲ್ಲಿ ಓಟದ ಬೂಟು, ಸಗಣಿ ಮೆತ್ತಿ ಅದರ ಬಣ್ಣವೇ ಗೊತ್ತಾಗುತ್ತಿರಲಿಲ್ಲ. ಸಪ್ಪಲಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಬಾಪ್ಪ ನಂದೀಶ, ಕಾಫಿ ಮಾಡಿಸ್ತೀನಿ ಅಂದರು. ಅವನು ಕೂರಲಿಲ್ಲ. ನಿಂತಲ್ಲೇ, ಇಬ್ಬರಿಗೂ ಕೇಳುವಂತೆ ಹೇಳಿದ.

"ಅವತ್ತು ಕವಿತ ಸೋತಿಲ್ಲ ಕಣಮ್ಮ. ನಾನು ಕೊಟ್ಟ ಮಾತಿಗಿಂತ ಜೋರಾಗಿ ಓಡಿಸ್ಬಿಟ್ಟೆ. ಮುಂದೆ ಏರು ಐತೆ ಅಂದಿದ್ದೂ ಸುಳ್ಳು. ನಮ್ಮಪ್ಪನ ಮುಂದೆ ಗಂಡಸು ಅನ್ನಿಸ್ಕೊಳ್ಳಕ್ಕೆ ಓಡ್ದೆ. ನನ್ನ ಜೊತೆ ನೆಟ್ಟಗೆ ಓಡಿದ್ರೆ ಅವಳು ಮುಗಿಸ್ತಿದ್ಲು."

ಸಪ್ಪಲಮ್ಮನ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. ಸೊಸೆಯ ಕಡೆ ನೋಡಿದರು. ಕವಿತ ಪೊರಕೆಯನ್ನು ಗೋಡೆಗೆ ಒರಗಿಸಿ ಕೊಟ್ಟಿಗೆಯಿಂದ ಹೊರಗೆ ಬಂದಳು. ಅವಳ ಮುಖದಲ್ಲಿ ನಂದೀಶ ಅಂದುಕೊಂಡು ಬಂದಿದ್ದ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ.

"ಊರು ದಾಟ್ತಿದ್ದಂಗೇ ನನಗೆ ಗೊತ್ತಾಯ್ತಣ್ಣ, ಇದು ಜಾಸ್ತಿ ಆಯ್ತು ಅಂತ. ಎದೆ ಹೊಡ್ಕೊಳ್ತಿತ್ತು. ನನ್ನ ಮೈ ಹೇಳಿದ್ದು ನಂಬ್ಲಿಲ್ಲ, ನಿಮ್ಮನ್ನ ನಂಬ್ದೆ. ಓಡಿಸಿದ್ದಕ್ಕೆ ನಂಗೇನು ಬೇಜಾರಿಲ್ಲ. ಮನುಷ್ಯ ಅಂದ್ಮೇಲೆ ಅಪ್ಪನ ಮುಂದೆ ಹಂಗಾಗ್ತದೆ. ವ್ಯಾನ್ ಇಳಿದು ಬಂದು ತಪ್ಪಾಯ್ತು ಅಂದ್ನಲ್ಲ, ಆಗ ಯಾಕೆ ಸುಮ್ನಿದ್ರಿ?"

ನಂದೀಶ ಸಗಣಿ ಮೆತ್ತಿದ ಅವಳ ಬೂಟಿನ ಕಡೆ ನೋಡಿದ. ಒಂದು ಹಸು ಬಾಲ ಬೀಸಿ ನೊಣ ಓಡಿಸಿಕೊಂಡಿತು. ಕೊನೆಗೆ ಸಪ್ಪಲಮ್ಮನೇ ಗಂಟಲು ಸರಿಮಾಡಿಕೊಂಡು, ಆಗಿದ್ದು ಆಗಿಹೋಯಿತು, ಈ ವರ್ಷ ಇನ್ನೊಂದು ಸಲ ಓಡು ಮಗಳೇ, ಹಸು ನಾನು ನೋಡಿಕೊಳ್ಳುತ್ತೇನೆ ಅಂದರು. ಆಮೇಲೆ ನಂದೀಶನ ಕಡೆ ತಿರುಗಿ, ಈ ಸಲ ನೀನೇ ಮುಂದೆ ನಿಂತು ಸರಿಯಾಗಿ ಮುಗಿಸಿಕೊಂಡು ಬಾಪ್ಪ ಎಂದು ದೊಡ್ಡತನದಿಂದ ಹೇಳಿದರು. ನಂದೀಶ ಆಸೆಯಿಂದ ತಲೆ ಎತ್ತಿದ. ಅದೊಂದು ಸಿಕ್ಕಿದ್ದರೆ ಅವನಿಗೆ ಎಲ್ಲವೂ ಸರಿಹೋಗುತ್ತಿತ್ತು.

"ಓಡ್ತೀನಿ ಅತ್ತೆ," ಅಂದಳು ಕವಿತ. "ನಂದೀಶಣ್ಣ ಬ್ಯಾಡ. ನಾನೇ ಒಂದು ವಾಚು ಕಟ್ಕೊಂಡು ಓಡ್ತೀನಿ."

ಅವಳು ಹಾಗೆ ಹೇಳಿದ್ದು ಮೆಲ್ಲಗೆ, ಮರ್ಯಾದೆಯಿಂದಲೇ. ಆಮೇಲೆ ಕೈ ತೊಳೆದುಕೊಂಡು ಅವನಿಗೆ ಕಾಫಿ ತರಲು ಒಳಗೆ ಹೋದಳು. ನಂದೀಶ ಕಾಫಿಗಾಗಿ ಜಗಲಿಯ ತುದಿಯಲ್ಲಿ ಕೂತ. ಅವಳು ಹೇಳಿದ್ದು ಸರಿ ಎಂದು ಅವನಿಗೂ ಗೊತ್ತಿತ್ತು.