ಸ್ಪೀಡು ಮಾವ

ನಮ್ಮ ಮಾವನವರಿಗೆ ಶೂಟಿಂಗ್ ರೇಂಜಿನವರೆಲ್ಲ ಸೇರಿ ಇಟ್ಟಿರುವ ಹೆಸರು ‘ಸ್ಪೀಡು ಮಾವ’. ಅವರ ನಡಿಗೆ ಮಾತ್ರ ಬಸವನಹುಳುವಿನದು. ಬಂದೊಡನೆ ಬಂದೂಕು ಮುಟ್ಟುವವರಲ್ಲ. ಗುಂಡಿನ ವೇಗ ಅಳೆಯುವ ರೇಡಾರ್ ಪೆಟ್ಟಿಗೆಯನ್ನು ಎಳೆಗೂಸಿನಂತೆ ಮೇಜಿನ ಮೇಲಿಟ್ಟು, ಅದರ ಮೂತಿಯನ್ನು ಅತ್ತಿತ್ತ ತಿರುಗಿಸಿ, ಪರದೆಯನ್ನು ಅಂಗಿಯ ತುದಿಯಿಂದ ಒರೆಸುವಷ್ಟರಲ್ಲಿ ಉಳಿದವರು ಒಂದು ಸುತ್ತು ಮುಗಿಸಿ ಕಾಫಿಗೆ ಹೊರಟಿರುತ್ತಾರೆ. ಗುಂಡು ಹಾರಿದ್ದೇ ತಡ, ಗುರಿಯ ಕಡೆ ಕಣ್ಣೆತ್ತಿಯೂ ನೋಡದೆ ಪರದೆಗೆ ಮೂಗು ತಾಗಿಸಿ, “ಸೆಕೆಂಡಿಗೆ ಮುನ್ನೂರಿಪ್ಪತ್ತು ಮೀಟರ್!” ಎಂದು ಕೂಗುತ್ತಾರೆ. “ಗುರಿಗೆ ತಗುಲ್ತಾ ಮಾವ?” ಎಂದರೆ ಮುಖ ಸಿಂಡರಿಸಿ, “ಎಲ್ಲಿಗೆ ಹೋಯ್ತು ಅಂತ ಯಾರು ಬೇಕಾದ್ರೂ ನೋಡ್ತಾರೆ ಅಳಿಯಂದಿರೇ, ಹೇಗೆ ಹೋಯ್ತು ಅಂತ ನೋಡ್ಬೇಕು” ಎನ್ನುತ್ತಾರೆ. ಅವರ ಗುರಿಕಾಗದ ಒಂದು ತೂತೂ ಇಲ್ಲದೆ ಮನೆಗೆ ಮರಳುತ್ತದೆ. ಅತ್ತೆ ಅದನ್ನು ಬೀರುವಿನೊಳಗೆ ಸೀರೆಗಳ ಅಡಿಗೆ ಹಾಸುತ್ತಾರೆ. ಮೊನ್ನೆಯಂತೂ ಅವರ ಬಂದೂಕು ಸಿಡಿಯಲೇ ಇಲ್ಲ. ಅದೇ ಕ್ಷಣಕ್ಕೆ ಪಕ್ಕದಲ್ಲಿ ನಾನು ಹಾರಿಸಿದ ಗುಂಡಿನ ವೇಗವನ್ನು ರೇಡಾರ್ ಹಿಡಿದು ತೋರಿಸಿತು. ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡಿದ್ದ ಮಾವ ಅದು ತಮ್ಮದೇ ಎಂದುಕೊಂಡು ಹಿಗ್ಗಿ ಹೀರೇಕಾಯಿಯಾದರು. ಈ ಸಲ ಸಿಕ್ಕಿಬಿದ್ದರು ಎಂದು ನಾನು ಬಾಯಿ ತೆರೆದೆ. ಆದರೆ ಬಂದೂಕು ಕೆಳಗಿಟ್ಟ ಮೇಲೂ ಅವರ ಕೈ ನಡುಗುತ್ತಲೇ ಇತ್ತು. ಅದನ್ನು ಅಡಗಿಸಲು ಅವರು ಅವಸರದಿಂದ ಜೇಬು ಹುಡುಕುತ್ತಿದ್ದರು. “ಭಲೇ ಮಾವ, ನಿಮ್ಮ ವೇಗ ಒಂಚೂರೂ ಕಮ್ಮಿ ಆಗಿಲ್ಲ” ಎಂದೆ. ಮಾವ ನನ್ನ ಬೆನ್ನು ತಟ್ಟಿ, “ಬೇಜಾರು ಮಾಡ್ಕೋಬೇಡಿ ಅಳಿಯಂದಿರೇ, ನಿಮಗೂ ಬರುತ್ತೆ” ಎಂದರು.